ಬೀದಿ ಪರದೆಯ ಮುಂದೆ ಇಬ್ಬರು

ಶುಕ್ರವಾರ, ಮಾರ್ಚ್ ೮

ನನ್ನ ಮುದ್ದು ಪಿಳ್ಳೆಗೆ,

ನಿನ್ನ ಅಕ್ಕ ನಗಾರಿಯ ಆಶೀರ್ವಾದಗಳು, ಕೊನೆಯ ಬೆಂಚಿಗೂ ಕೇಳಿಸುವಷ್ಟು ಜೋರಾಗಿ.

ಕಾಗದ ಬರೆದು ತಿಂಗಳುಗಳೇ ಆಗಿಹೋದವು. ಬೈದುಕೋ, ಪರವಾಗಿಲ್ಲ. ನಿನ್ನ ಹಿಂದಿನ ಕಾಗದ ಇವತ್ತಿಗೂ ನನ್ನ ಮಾತ್ರೆಯ ಡಬ್ಬಿಯ ಕೆಳಗೇ ಇದೆ, ದಿನಾ ಬೆಳಗ್ಗೆ ಮಾತ್ರೆ ತೆಗೆಯುವಾಗ ಅದು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತದೆ. ನಿನ್ನ ಯಜಮಾನರ ಮೊಣಕಾಲು ಈಗ ಮೆಟ್ಟಿಲು ಹತ್ತುತ್ತಿದೆಯೇ? ಹತ್ತದಿದ್ದರೆ ಕೆಳಗಿನ ಕೋಣೆಯಲ್ಲೇ ಮಲಗಿಸು, ಹಟ ಮಾಡಿದರೆ ನನ್ನ ಹೆಸರು ಹೇಳು. ಇಲ್ಲಿ ಮಗ, ಸೊಸೆ ಚೆನ್ನಾಗಿದ್ದಾರೆ. ನನ್ನ ರಕ್ತದೊತ್ತಡ ಮಾತ್ರ ಮಹಡಿ ಹತ್ತಿ ಕೂತಿದೆ. “ಕೂಗಾಡಬೇಡಿ” ಅಂದರು ಡಾಕ್ಟರು. “ಕೂಗಾಡದಿದ್ರೆ ನಾನು ಬದುಕಿದ್ದೀನಿ ಅಂತ ನಂಗೇ ಗೊತ್ತಾಗಲ್ಲ ಡಾಕ್ಟ್ರೇ” ಅಂದೆ. ಅವರು ಚೀಟಿಯಲ್ಲಿ ಏನೋ ಗೀಚಿ ಇನ್ನೊಂದು ಮಾತ್ರೆ ಸೇರಿಸಿದರು.

ಫೋನು ಮಾಡಬಹುದಿತ್ತು, ನಿಜ. ಆದರೆ ನಾನು ಫೋನಿನಲ್ಲಿ ಮಾತಾಡಿದರೆ ನಿನ್ನ ಯಜಮಾನರು ಪಕ್ಕದ ಕೋಣೆಯಿಂದ “ಏನಂತೆ?” ಎಂದು ಕೇಳುವುದಿಲ್ಲ, ಎಲ್ಲವೂ ಕೇಳಿಸಿರುತ್ತದೆ. ಅಲ್ಲದೆ ಫೋನಿನಲ್ಲಿ ನೀನು ಮಧ್ಯೆ ಒಂದು ಸಣ್ಣ ಪ್ರಶ್ನೆ ಹಾಕಿಬಿಡುತ್ತೀಯ, ನನ್ನ ಸಿಟ್ಟು ದಾರಿ ತಪ್ಪಿ ಎಲ್ಲೋ ಹೋಗಿ ನಗುವಾಗಿಬಿಡುತ್ತದೆ. ಇವತ್ತು ನಾನು ನಗುವುದಿಲ್ಲ. ಇವತ್ತು ನನ್ನ ಸಿಟ್ಟಿಗೆ ಪೂರ್ತಿ ರಂಗಸ್ಥಳ ಬೇಕು. ಕುರ್ಚಿ ಎಳೆದುಕೊಂಡು ಕೂರು. ಪರದೆ ಏಳುತ್ತಿದೆ.

ಪಿಳ್ಳೆ, ಸಿನಿಮಾದವರು ನಿನ್ನನ್ನು ತೆಗೆದುಹಾಕಿದ್ದಾರೆ.

ನನ್ನ ಪುಸ್ತಕವನ್ನು ಸಿನಿಮಾ ಮಾಡುತ್ತಾರೆಂದು ಆಗಲೇ ಬರೆದಿದ್ದೆನಲ್ಲ. ಆಗ ನಾನು ಎಷ್ಟು ಕುಣಿದಾಡಿದ್ದೆ! ನಮ್ಮ ನಾಟಕ ಕಂಪನಿ, ನಮ್ಮ ಡೇರೆ, ನಮ್ಮ ಲಾರಿ, ಮನೆ, ದೀಪದ ಕಂಬ ಬರೆದ ಬೀದಿ ಪರದೆಯ ಮುಂದೆ ನಾವಿಬ್ಬರು, ಎಲ್ಲವನ್ನೂ ಮತ್ತೆ ಕಣ್ಣಾರೆ ನೋಡುತ್ತೇನೆ ಎಂದುಕೊಂಡಿದ್ದೆ. ಚಿತ್ರಕಥೆ ಓದುತ್ತೇವೆ ಬನ್ನಿ ಎಂದು ತಮ್ಮ ಕಚೇರಿಗೆ ಕರೆದರು. ಗಾಜಿನ ಮೇಜು, ಕಾಗದದ ಲೋಟ, ಚಳಿ ಹಿಡಿಸುವ ಯಂತ್ರ. ಆ ಕಡೆ ನಿರ್ದೇಶಕಿ. ಸಣ್ಣ ಮೈ, ತುಂಡು ಕೂದಲು. ಅವಳ ಮಾತು ಕೇಳಬೇಕಾದರೆ ಎದುರಿಗಿದ್ದವರು ಮೇಜಿನ ಮೇಲೆ ಬಗ್ಗಬೇಕು. ನಮ್ಮ ಕಂಪನಿಯ ಮಾಲೀಕರು ಅವಳಿಗೆ ರಾಣಿಯ ಪಾತ್ರವಿರಲಿ, ರಾಣಿಗೆ ಬೀಸಣಿಗೆ ಬೀಸುವವಳ ಪಾತ್ರವನ್ನೂ ಕೊಡುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಚಿತ್ರಕಥೆ ಬರೆದವನು, ಕನ್ನಡಕದವನು. ಆತ ಓದಿದ. ನಾನು ಕೇಳಿದೆ. ಮೊದಲ ದೃಶ್ಯದಲ್ಲಿ ನೀನಿಲ್ಲ. ಚಿಕ್ಕವಳಲ್ಲವೇ, ಆಮೇಲೆ ಬರುತ್ತಾಳೆ ಎಂದುಕೊಂಡೆ. ಲಾರಿಯಲ್ಲಿ ನೀನಿಲ್ಲ. ಡೇರೆಯಲ್ಲಿ ನೀನಿಲ್ಲ. ಬೀದಿ ಪರದೆ ಇಳಿಯಿತು, ನಾನು ಬಂದೆ, ಒಬ್ಬಳೇ ಬಂದೆ!

“ನಿಲ್ಲಿಸಿ!” ಎಂದೆ. ಕಾಗದದ ಲೋಟಗಳು ನಡುಗಿದವು. “ನನ್ನ ತಂಗಿ ಎಲ್ಲಿ?”

ಕನ್ನಡಕದವನು ಪುಟ ತಿರುವಿದ. ನೀನು ಯಾವುದಾದರೂ ಪುಟದ ಮಧ್ಯೆ ಅಂಟಿಕೊಂಡಿರಬಹುದು ಎಂಬಂತೆ. “ಅಮ್ಮಾ, ನೀವಿಬ್ಬರೂ ಒಂದೇ ಕೆಲಸ ಮಾಡ್ತಿದ್ರಲ್ಲ, ಅದಕ್ಕೆ ಇಬ್ಬರನ್ನೂ ಸೇರಿಸಿ ಒಂದೇ ಪಾತ್ರ ಮಾಡಿದ್ದೀವಿ.”

“ಸೇರಿಸಿದ್ದೀರಾ? ಅಂದ್ರೆ?”

“ನಿಮ್ಮ ತಂಗಿಯವರ ಗುಣ ಎಲ್ಲಾ ನಿಮ್ಮ ಪಾತ್ರದಲ್ಲೇ ಬಂದುಬಿಡುತ್ತೆ.”

“ಅವಳ ಗುಣ ನನ್ನಲ್ಲಿ ಬರೋ ಹಾಗಿದ್ರೆ ನಮ್ಮಮ್ಮ ಒಬ್ಬಳನ್ನೇ ಹೆತ್ತು ಸುಮ್ಮನಾಗ್ತಿದ್ಲು ಕಣಪ್ಪಾ!”

ನಿರ್ದೇಶಕಿ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ಯಾರಿಗೆ ಗೊತ್ತು, ಅವಳ ಎರಡೂ ಒಂದೇ ಸದ್ದು. ಕನ್ನಡಕದವನು ಪಾಪ, ನನಗೆ ಪಾಠ ಹೇಳಲು ಹೊರಟ. “ನಾಟಕದಲ್ಲಿ ಬೀದಿ ಹೋಗಿ ಅರಮನೆ ಬರೋಕೆ ಹೊತ್ತು ಬೇಕಿತ್ತು. ಆ ಹೊತ್ತು ತುಂಬಿಸೋಕೆ ನೀವಿದ್ರಿ. ಸಿನಿಮಾದಲ್ಲಿ ಒಂದು ಕಟ್ ಅಷ್ಟೇ ಅಮ್ಮಾ. ಬೀದಿ ಹೋಯ್ತು, ಅರಮನೆ ಬಂತು.”

“ಹಾಗಾದ್ರೆ ನಾನು ತಾನೇ ಯಾಕೆ ಬೇಕು? ನನ್ನನ್ನೂ ಕಟ್ ಮಾಡಿ ಎಸೀರಿ!”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. “ಅದೇ ನಮ್ಮ ಕಷ್ಟ ಅಮ್ಮಾ. ನಿಮ್ಮ ಪುಸ್ತಕ ಪೂರ್ತಿ ಕಾಯಿಸೋದರ ಬಗ್ಗೆ ಇದೆ. ಸಿನಿಮಾಕ್ಕೆ ಕಾಯೋದು ಗೊತ್ತಿಲ್ಲ.”

ಈ ಮಾತಿಗೆ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಸುಳ್ಳು ಹೇಳಿದ್ದರೆ ಬೈದು ಮುಗಿಸುತ್ತಿದ್ದೆ. ಮೂರ್ಖತನದ ಮಾತಾಗಿದ್ದರೆ ನಕ್ಕು ಮುಗಿಸುತ್ತಿದ್ದೆ. ಇದು ಎರಡೂ ಅಲ್ಲ. ನಾವು ಆಯುಸ್ಸು ಪೂರ್ತಿ ಮಾಡಿದ ಕೆಲಸ ಕತ್ತರಿಯ ಒಂದು ಕಚಕ್ ಸದ್ದಿಗೆ ಬೇಡವಾಗಿಹೋಗುತ್ತದಂತೆ.

ಆದರೆ ನಾನು ಬಿಡುತ್ತೇನೆಯೇ? ಎದ್ದು ನಿಂತೆ. ನಿನಗೆ ಗೊತ್ತಿರುವುದೇ, ಆದರೂ ಅವರಿಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ನೋಡ್ರಪ್ಪಾ, ಅಂದೆ. ಬೀದಿ ಪರದೆ ನಮ್ಮ ಬೆನ್ನ ಹಿಂದೆ ಇಳೀತಿತ್ತು. ಅದರ ಹಿಂದೆ ಬಡಗಿಗಳು ಸಿಂಹಾಸನ ತಳ್ಳೋರು, ಕಂಬ ನಿಲ್ಲಿಸೋರು, ಬೆರಳು ಜಜ್ಜಿಕೊಂಡು ಬಾಯಲ್ಲೇ ಬೈಕೊಳ್ಳೋರು. ಮುಂದೆ ನಾವಿಬ್ಬರು. ಒಳಗಿನ ಕೆಲಸ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಯಾರಿಗೂ ಗೊತ್ತಿಲ್ಲ. ನಾನು ದೀಪದ ಹತ್ತಿರ ನಿಂತು ಊರಿಗೆಲ್ಲ ಕೇಳೋ ಹಾಗೆ ಉತ್ತರ ಹೇಳೋಳು. ನನ್ನ ತಂಗಿ ಎರಡು ಹೆಜ್ಜೆ ಹಿಂದೆ, ಪರದೆಗೆ ಹಿಮ್ಮಡಿ ತಾಗೋ ಹಾಗೆ ನಿಂತು ಪ್ರಶ್ನೆ ಕೇಳೋಳು. ಯಾಕೆ ಅಲ್ಲಿ? ಬಡಗಿ ಒಳಗಿಂದ ಪರದೆ ಅಂಚನ್ನ ಒಂದು ಸಲ ಎಳೆದ್ರೆ ‘ಇನ್ನೂ ಆಗಿಲ್ಲ, ಬೆಳೆಸಿ’ ಅಂತ. ಎರಡು ಸಲ ಎಳೆದ್ರೆ ‘ಆಯ್ತು, ಮುಗಿಸಿ’ ಅಂತ. ಅದು ತಂಗಿಯ ಹಿಮ್ಮಡಿಗೆ ಮಾತ್ರ ಗೊತ್ತಾಗ್ತಿತ್ತು. ಬೆಳೆಸಬೇಕಾದ್ರೆ ಹೊಸ ಪ್ರಶ್ನೆ. ಮುಗಿಸಬೇಕಾದ್ರೆ ಮುಗಿಸೋ ಪ್ರಶ್ನೆ. ನಾನು ಉತ್ತರ ಕೊಡ್ತಾ ಕೊಡ್ತಾ ಎಲ್ಲಿಗೆ ಹೋಗ್ತಿದ್ದೀನಿ ಅಂತ ನನಗೇ ಗೊತ್ತಿರ್ತಿರಲಿಲ್ಲ.

ಹೀಗೆ ಹೇಳಿ ಕೂತೆ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ನಿರ್ದೇಶಕಿ ಪಿಸುಗುಟ್ಟಿದಳು: “ಬೆಂಕಿ ದೃಶ್ಯ ಓದಿಬಿಡೋಣ.”

ಬೆಂಕಿ! ಯಾವ ಬೆಂಕಿ? ರಾಜನ ಪಾತ್ರದವರು ಮಾಲೀಕರ ಮೇಲೆ ಮುನಿಸಿಕೊಂಡು ಕಿರೀಟ ಕಿತ್ತೆಸೆದ ದಿನ ನೆನಪಿದೆಯಲ್ಲ? ಪರದೆಯ ಹಿಂದಿನಿಂದ ಮಾಲೀಕರು “ನಿನ್ನ ಕಿರೀಟ ನೀನೇ ಇಟ್ಕೋ!” ಎಂದು ಅರಚಿದ್ದು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಕೇಳಿಸಿತ್ತು. ನಾನು ಕಲ್ಲಾಗಿ ನಿಂತುಬಿಟ್ಟಿದ್ದೆ. ನೀನು ಮೆಲ್ಲಗೆ ಕಿವಿಗೆ ಕೈ ಇಟ್ಟುಕೊಂಡು, “ಅಕ್ಕಾ, ಪಕ್ಕದ ಮನೇಲಿ ಏನೋ ಗಲಾಟೆ?” ಎಂದು ಕೇಳಿದೆ.

“ಹೂಂ ಕಣೆ, ಹೊಸದಾಗಿ ಬಾಡಿಗೆಗೆ ಬಂದಿದ್ದಾರೆ.”

“ಏನೋ ಕಿರೀಟ ಅಂತಿದ್ದಾರಲ್ಲಾ?”

“ಆಯಮ್ಮ ಗಂಡನ್ನ ಇಷ್ಟು ದಿನ ತಲೆ ಮೇಲೆ ಕೂರಿಸಿಕೊಂಡಿದ್ಲು. ಇವತ್ತು ಇಳಿಸ್ತಿದ್ದಾಳೆ.”

ಡೇರೆ ಬಿದ್ದುಹೋಗುವಷ್ಟು ನಗು. ಆಮೇಲೆ ಒಳಗೆ ಅವರು ಕೂಗಿದ್ದಕ್ಕೆಲ್ಲ ನೀನು ಪ್ರಶ್ನೆ ಹಾಕಿದೆ, ನಾನು ಉತ್ತರ ಕೊಟ್ಟೆ. ತಮ್ಮ ಜಗಳಕ್ಕೆ ಜನ ನಗುತ್ತಿದ್ದಾರೆಂದು ತಿಳಿದು ರಾಜರು ತಾವೇ ಕಿರೀಟ ಎತ್ತಿಕೊಂಡು ತಲೆಗೆ ಇಟ್ಟುಕೊಂಡರು. ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯ ಬರೆದಿದ್ದೇನೆ ಅದರ ಬಗ್ಗೆ!

ಸಿನಿಮಾದಲ್ಲಿ ಜಗಳವಿಲ್ಲ. ಅದರ ಬದಲು ಪರದೆಗೆ ಬೆಂಕಿ ಬೀಳುತ್ತದೆ. ನಾನು ಒಬ್ಬಳೇ, ಕೆಂಪು ಬೆಳಕಿನಲ್ಲಿ, ಹೆದರಿದ ಜನರನ್ನು ಹಾಡು ಹೇಳಿ ಸಮಾಧಾನ ಮಾಡುತ್ತೇನೆ. ನಾನು! ಹಾಡು! ನನ್ನ ಹಾಡು ಕೇಳಿದರೆ ಜನ ಬೆಂಕಿಯ ಕಡೆಗೇ ಓಡುತ್ತಿದ್ದರು.

“ಜಗಳ ಪರದೆ ಹಿಂದೆ ಇರುತ್ತೆ, ಕಾಣಲ್ಲ. ಬೆಂಕಿ ಕಾಣುತ್ತೆ ಅಮ್ಮಾ” ಅಂದ ಕನ್ನಡಕದವನು.

“ಕೇಳಿಸುತ್ತಲ್ಲೋ!”

“ಕೇಳೋಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕಾಗುತ್ತೆ” ಎಂದು ಹೇಳಿ, ನಾಲಿಗೆ ಕಚ್ಚಿಕೊಂಡು ನಿರ್ದೇಶಕಿಯ ಮುಖ ನೋಡಿದ. ಅವಳು ಕಿಟಕಿ ನೋಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಇದು ಮೊದಲನೆಯ ಅಂಕ. ನೀರು ಕುಡಿದು ಬರುತ್ತೇನೆ, ಇರು.

ಹಾಂ. ಅಲ್ಲಿಂದಾಚೆ ಎಷ್ಟು ಸಲ ಹೋಗಿ ಜಗಳ ಆಡಿದೆನೋ ಲೆಕ್ಕವಿಲ್ಲ. ಹೋದಾಗಲೆಲ್ಲ ನಿರ್ದೇಶಕಿ ಬಾಗಿಲವರೆಗೆ ಬಂದು ಕರೆದುಕೊಂಡು ಹೋಗುತ್ತಾಳೆ, ಬೆನ್ನಿಗೆ ದಿಂಬು ಇಡುತ್ತಾಳೆ, ಬೈಸಿಕೊಳ್ಳುತ್ತಾಳೆ, ಮತ್ತೆ ಬಾಗಿಲವರೆಗೆ ಬಿಡುತ್ತಾಳೆ. ಪಾತ್ರ ಮಾತ್ರ ಸೇರಿಸುವುದಿಲ್ಲ. ಬೈದರೆ ಬೈಸಿಕೊಳ್ಳುವವರ ಹತ್ತಿರ ಜಗಳ ಆಡುವುದು ಎಷ್ಟು ಕಷ್ಟ ಗೊತ್ತೇ? ದಿಂಬಿಗೆ ಗುದ್ದಿದ ಹಾಗೆ. ಅದೇ ದಿಂಬಿಗೆ.

ನನ್ನ ಪಾತ್ರ ಮಾಡುವ ಹುಡುಗಿ ಮನೆಗೇ ಬಂದು ನನ್ನ ನಡಿಗೆ, ಸೊಂಟದ ಮೇಲೆ ಕೈ ಇಡುವ ರೀತಿ ಎಲ್ಲ ಕಲಿತು ಹೋದಳು. ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸ್ವಲ್ಪ ಇದೆ. ಗಂಟಲೇ ಇಲ್ಲ ಅವಳಿಗೆ. “ಮೈಕ್ ಇರುತ್ತಲ್ಲ ಅಮ್ಮಾ” ಎನ್ನುತ್ತಾಳೆ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಉತ್ತರ ಹೇಳುವಾಗ ನೀವು ಯಾವ ಕಡೆ ನೋಡ್ತಿದ್ರಿ?” ಎಂದು ಕೇಳಿದಳು.

“ತಂಗಿ ಕಡೆ.”

“ನನ್ನ ಸೀನಲ್ಲಿ ಯಾರೂ ಇಲ್ವಲ್ಲ. ನಾನು ಯಾವ ಕಡೆ ನೋಡ್ಲಿ?”

ಒಲೆಯ ಮೇಲಿನ ಹಾಲು ಉಕ್ಕುತ್ತಿದೆ ಎಂದು ನೆವ ಹೇಳಿ ಆ ಕಡೆ ತಿರುಗಿದೆ.

ಇನ್ನು ನಿನ್ನೆಯ ಸಮಾಚಾರ. ಚಿತ್ರೀಕರಣ ನೋಡಲು ಬನ್ನಿ ಎಂದು ಕರೆದಿದ್ದರು. ಸೊಸೆ ಕಾರಿನಲ್ಲಿ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ “ಅತ್ತೆ, ಇವತ್ತು ಏನೂ ಮಾತಾಡಬೇಡಿ, ಬರೀ ನೋಡಿ” ಎಂದು ಗಿಳಿಪಾಠ. ಆಗಲಿ ತಾಯಿ, ಆಗಲಿ ಅಂದೆ.

ಹಳೆಯ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದಿದ್ದಾರೆ. ಒಳಗೆ ಕಾಲಿಟ್ಟೆ. ನಮ್ಮ ಬೀದಿ ಪರದೆ! ಅದೇ ದೀಪದ ಕಂಬ, ಅದೇ ಓರೆಯಾದ ಕಿಟಕಿ, ಬಾಗಿಲ ಪಕ್ಕದಲ್ಲಿ ಅದೇ ಬೂದು ಬೆಕ್ಕು. ಹಳೆಯದಾಗಿ ಕಾಣಲೆಂದು ಬಟ್ಟೆಗೆ ಚಹಾ ಬಳಿದಿದ್ದರು. ಹತ್ತಿರ ಹೋಗಿ ಮೂಸಿ ನೋಡಿದೆ, ಚಹಾದ ವಾಸನೆಯೇ. ಕುರ್ಚಿಗಳ ತುಂಬ ಬಾಡಿಗೆಯ ಪ್ರೇಕ್ಷಕರು. ಒಬ್ಬ ಕೈ ಎತ್ತಿದಾಗ ಅವರು ನಗಬೇಕು, ಇಳಿಸಿದಾಗ ನಿಲ್ಲಿಸಬೇಕು. ನನ್ನನ್ನು ಮೂರನೆಯ ಸಾಲಿನಲ್ಲಿ ಕೂರಿಸಿದರು.

ನಮ್ಮ ಬೀಗದ ಪ್ರಸಂಗದ ಚಿತ್ರೀಕರಣ ನಡೆಯುತ್ತಿತ್ತು. ಹುಡುಗಿ ಬಂದಳು. ಸೊಂಟದ ಮೇಲೆ ಕೈ. ಆಹಾ, ಥೇಟ್ ನಾನೇ! ಬಾಯಿ ತೆರೆದಳು: “ನಮ್ಮೆಜಮಾನ್ರು ನಿನ್ನೆ ಪೇಟೆಯಿಂದ ದೊಡ್ಡ ಬೀಗ ತಂದ್ರು. ಕಳ್ಳರ ಭಯಕ್ಕಲ್ಲ, ನೆಂಟರ ಭಯಕ್ಕೆ.”

ಕೈ ಎತ್ತುವವನು ಎತ್ತಿದ. ಜನ ನಕ್ಕರು. ಸಾವಿನ ಮನೆಯಲ್ಲಿ ನಕ್ಕ ಹಾಗೆ. ನಿರ್ದೇಶಕಿ ತಲೆಯಾಡಿಸಿ “ಇನ್ನೊಂದು ಸಲ” ಅಂದಳು. ಇನ್ನೊಂದು ಸಲವೂ ಅದೇ. ಮತ್ತೊಂದು ಸಲವೂ ಅದೇ. ಹುಡುಗಿಯ ಮೂಗಿನ ಮೇಲೆ ಬೆವರು. ಬೀಗ ತಂದರು ಎಂದಮೇಲೆ ಒಂದು ಖಾಲಿ ಜಾಗ ಬರುತ್ತದಲ್ಲ, ಅಲ್ಲಿ ಅವಳು ಉಸಿರು ತೆಗೆದುಕೊಂಡು ಮುಂದಕ್ಕೆ ಓಡುತ್ತಿದ್ದಳು. ಆ ಖಾಲಿ ಜಾಗ ನನ್ನ ಮೈಯೊಳಗೆ ತುರಿಕೆಯ ಹಾಗೆ. ಸೊಸೆ ನನ್ನ ಮೊಣಕೈ ಹಿಡಿದಿದ್ದಳು. ಕುರ್ಚಿಯ ಹಿಡಿ ನಾನು ಹಿಡಿದಿದ್ದೆ.

ಹುಡುಗಿ ಮತ್ತೆ ಬಂದಳು. “ನಮ್ಮೆಜಮಾನ್ರು ನಿನ್ನೆ ಪೇಟೆಯಿಂದ ದೊಡ್ಡ ಬೀಗ ತಂದ್ರು…”

“ಕಳ್ಳರ ಭಯಾನಾ ಅಕ್ಕಾ?”

ನಾನೇ! ಮೂರನೆಯ ಸಾಲಿನಿಂದ! ನಿನ್ನ ಪ್ರಶ್ನೆ, ನನ್ನ ಗಂಟಲಿನಲ್ಲಿ! ಸದ್ದು ಹಿಡಿಯುವವನು ಕಿವಿಯ ಮೇಲಿದ್ದದ್ದನ್ನು ಕಿತ್ತುಹಾಕಿ ತಲೆ ಹಿಡಿದುಕೊಂಡ. ಆದರೆ ಹುಡುಗಿ ನೋಡು, ಗಕ್ಕನೆ ನನ್ನ ಕಡೆ ತಿರುಗಿದಳು. ಕಣ್ಣರಳಿತು. ಯಾವ ಕಡೆ ನೋಡಬೇಕೆಂದು ಆ ಕ್ಷಣ ಅವಳಿಗೆ ಗೊತ್ತಾಗಿಹೋಯಿತು.

“ಇಲ್ಲ ಕಣೆ, ನೆಂಟರ ಭಯ!”

ಕೈ ಎತ್ತುವವನು ಕೈ ಎತ್ತಲೇ ಇಲ್ಲ, ಅವನೇ ಹೊಟ್ಟೆ ಹಿಡಿದುಕೊಂಡಿದ್ದ. ಇಡೀ ಸಭಾಂಗಣ ನಕ್ಕಿತು. ದೀಪ ಹಿಡಿದವರು ನಕ್ಕರು, ಸೊಸೆ ನಕ್ಕಳು. ಕನ್ನಡಕದವನು ನಗಲಿಲ್ಲ, ನಿಂತಲ್ಲೇ ಚಪ್ಪಾಳೆ ತಟ್ಟಿದ.

“ಕಟ್” ಎಂದಳು ನಿರ್ದೇಶಕಿ. ಅಷ್ಟು ಮೆಲ್ಲಗೆ ಹೇಳಿದ ಮಾತು ಅಷ್ಟು ಜೋರಾಗಿ ನನಗೆ ಯಾವತ್ತೂ ಕೇಳಿಸಿರಲಿಲ್ಲ.

ಬಣ್ಣದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಸುತ್ತ ಕನ್ನಡಿ. ಎಲ್ಲಿ ನೋಡಿದರೂ ನಾನೇ, ಕೆಂಪಗೆ ಕಾದ ಹೆಂಚಿನ ಹಾಗೆ.

“ಅಮ್ಮಾ, ತುಂಬಾ ಚೆನ್ನಾಗಿತ್ತು.”

“ಚೆನ್ನಾಗಿತ್ತಲ್ಲ? ಹಾಗಾದ್ರೆ ಹಾಕು! ಇನ್ನೊಬ್ಬ ಹುಡುಗಿನ ಕರೆಸು, ಆ ಪರದೆ ಹತ್ತಿರ ನಿಲ್ಲಿಸು!”

“ಆಗಲ್ಲ ಅಮ್ಮಾ.”

“ಯಾಕೆ ಆಗಲ್ಲ? ಕಣ್ಣಾರೆ ನೋಡಿದ್ಯಲ್ಲ!”

ಅವಳು ಮೇಜಿನ ಮೇಲಿದ್ದ ಬ್ರಷ್ಷುಗಳನ್ನು ಸಾಲಾಗಿ ಜೋಡಿಸಿದಳು. ಆಮೇಲೆ ಹೇಳಿದಳು, ನನ್ನ ಮುಖ ನೋಡದೆ ಹೇಳಿದಳು: “ನಿಮ್ಮ ಪುಸ್ತಕದಲ್ಲೂ ಅವರು ಎಲ್ಲೂ ಏನೂ ಹೇಳಲ್ಲ. ಬರೀ ಕೇಳ್ತಾರೆ.”

ಪಿಳ್ಳೆ! ನನ್ನ ಮನೆಯಲ್ಲಿ ಊಟ ಮಾಡಿದವಳು, ನನ್ನ ಬೆನ್ನಿಗೆ ದಿಂಬು ಇಟ್ಟವಳು, ನನ್ನ ಪುಸ್ತಕವನ್ನೇ ತಿರುಗಿಸಿ ನನ್ನ ಮುಖಕ್ಕೆ ಹಿಡಿದಳು! ನಾನು ಕೂಗಿದ ಕೂಗಿಗೆ ಕನ್ನಡಿಯ ಸುತ್ತಲಿನ ಬಲ್ಬುಗಳು ಮಿಣಮಿಣ ಎಂದವು. “ಎಲಾ ಎಲಾ! ಕೇಳೋದೇ ಕಣೇ ಅವಳ ಕೆಲಸ! ಪುಸ್ತಕದಲ್ಲಿ ನಾನು ಬೇರೆ ಏನು ಬರೀಬೇಕಿತ್ತು? ಹೇಳೋದು ದೊಡ್ಡದು, ಕೇಳೋದು ಸಣ್ಣದು ಅಂತ ನಿಂಗೆ ಯಾರು ಹೇಳಿದ್ರು?”

ಅವಳು ಜೋಡಿಸಿಟ್ಟ ಬ್ರಷ್ಷುಗಳನ್ನೇ ಮತ್ತೆ ಜೋಡಿಸತೊಡಗಿದಳು.

“ಕೇಳಿಸ್ಕೋ. ನಿನ್ನ ಸಿನಿಮಾದ ಮೊದಲಿಗೂ ನನ್ನ ದನಿ ಬೇಕು, ಕೊನೆಗೂ ನನ್ನ ದನಿ ಬೇಕು ಅಂದ್ಯಲ್ಲ? ಬುಧವಾರ ಬಂದು ಹೇಳ್ತೀನಿ ಅಂತ ಒಪ್ಪಿಕೊಂಡಿದ್ದೆನಲ್ಲ? ತಂಗಿ ಇಲ್ಲ ಅಂದ್ರೆ ದನಿಯೂ ಇಲ್ಲ. ‘ನಾನು ಬೀದಿ ಪರದೆಯ ಮುಂದೆ ಒಬ್ಬಳೇ ನಿಂತಿದ್ದೆ’ ಅನ್ನೋ ಸಾಲನ್ನ ನೀನೇ ಹೇಳ್ಕೋ. ಯಾರಿಗೂ ಕೇಳಿಸಲ್ಲ, ಸುಳ್ಳು ಅಂತ ಯಾರಿಗೂ ಗೊತ್ತಾಗಲ್ಲ!”

ನಿರ್ಗಮನ! ಬಾಗಿಲನ್ನು ನಮ್ಮ ಮಾಲೀಕರು ಕಲಿಸಿದ ರೀತಿಯಲ್ಲೇ ಹಾಕಿದೆ. ಹೊರಗೆ ಹುಡುಗಿ ನಿಂತಿದ್ದಳು. ಬಗ್ಗಿ ನನ್ನ ಕಾಲು ಮುಟ್ಟಲು ಹೋದಳು, ನಿಲ್ಲಲಿಲ್ಲ ನಾನು. ಕಾರಿನಲ್ಲಿ ಸೊಸೆ, “ಅತ್ತೆ, ಆ ನಿರ್ದೇಶಕಿ ಅಳೋ ಹಾಗಿದ್ರು” ಅಂದಳು.

“ಅಳಲಿ. ಅಳುವಾಗಲಾದ್ರೂ ದನಿ ಹೊರಡುತ್ತೇನೋ ನೋಡೋಣ.”

ಇದಿಷ್ಟು ಕಥೆ. ಈಗ ಕೇಳು, ನೀನು ಮಾಡಬೇಕಾದ ಕೆಲಸ ಒಂದಿದೆ. ಆ ನಿರ್ದೇಶಕಿಗೆ ಒಂದು ಫೋನು ಮಾಡು. ಜಗಳ ಆಡಬೇಡ, ಅದಕ್ಕೆ ನಾನಿದ್ದೇನೆ. “ನಾನೂ ಅಲ್ಲಿದ್ದೆ” ಎಂದು ಒಂದೇ ಮಾತು ಹೇಳು. ಸತ್ತವರಾದರೆ ಸುಮ್ಮನಿರುತ್ತಾರೆ, ಬದುಕಿರುವವರು ತಾವೇ ಬಾಯಿ ಬಿಟ್ಟು ಕೇಳಿದರೆ ಅವರು ಇಲ್ಲ ಎನ್ನಲಾರರು. ಪುಸ್ತಕ ಕಳಿಸಿದಾಗ ನೀನು “ತಲುಪಿತು” ಎಂದು ಮಾತ್ರ ಬರೆದೆ. ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ಇವತ್ತಿನವರೆಗೆ ಹೇಳಿಲ್ಲ. ಇರಲಿ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಆದರೆ ಈ ಸಲ ಮಾತ್ರ ಸಂಕೋಚ ಬಿಡು. ಬುಧವಾರದ ಒಳಗೆ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ನೀನು ಬಿಸಿಲಿಗೆ ತಲೆ ಮುಚ್ಚಿಕೊಂಡು ಓಡಾಡು. ನೂರು ವರ್ಷ ಬಾಳು, ನನ್ನ ಬೈಗುಳ ಕೇಳಲಾದರೂ ಬಾಳು.

ಇಂತಿ ನಿನ್ನ,
ನಗಾರಿ

ವಿ.ಸೂ.: ಇವತ್ತು ಭಾನುವಾರ. ಲಕೋಟೆ ಅಂಟಿಸಿ ಬಾಗಿಲ ಹತ್ತಿರ ಇಟ್ಟಿದ್ದೆ. ಹರಿದು ತೆಗೆದು ಮತ್ತೆ ಬರೆಯುತ್ತಿದ್ದೇನೆ, ನಾಳೆ ಬೆಳಗ್ಗೆಯೇ ಸ್ಪೀಡ್ ಪೋಸ್ಟಿಗೆ ಹಾಕಿಸುತ್ತೇನೆ. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ನೀನು ಅದನ್ನೂ ಓದಬೇಕು.

ನಿನ್ನೆ ಮಧ್ಯಾಹ್ನ ನಿರ್ದೇಶಕಿ ಮನೆಗೆ ಬಂದಳು. ಒಬ್ಬಳೇ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ನಾನು ತರಕಾರಿ ಹೆಚ್ಚುತ್ತಾ ಬೈಯಲು ಶುರು ಮಾಡಿದೆ. ಅವಳು ಎಂದಿನಂತೆ ಕೇಳಿಸಿಕೊಂಡಳು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, “ಅಮ್ಮಾ, ನಾನೊಬ್ಬರಿಗೆ ಮಾತು ಕೊಟ್ಟಿದ್ದೆ. ಇವತ್ತು ಮುರೀತೀನಿ” ಎಂದಳು.

ಮೊದಲು ಬರೆದ ಚಿತ್ರಕಥೆಯಲ್ಲಿ ನೀನಿದ್ದೆಯಂತೆ. ಬೀದಿ ಪರದೆಯ ಪ್ರತಿ ದೃಶ್ಯದಲ್ಲೂ ಇದ್ದೆಯಂತೆ. ಪಕ್ಕದ ಮನೆಯ ಗಲಾಟೆ ಪೂರ್ತಿ ಇತ್ತಂತೆ. ಬದುಕಿರುವವರ ಪಾತ್ರ ಮಾಡಲು ಅವರ ಒಪ್ಪಿಗೆ ಬೇಕೆಂದು ನಿನಗೆ ಫೋನು ಮಾಡಿದರಂತೆ. ಮಾಡಿದ್ದು ಅವಳೇ. ಆಗ ನೀನು ಹೇಳಿದ ಮಾತನ್ನು ಅವಳು ನಿನ್ನ ಹಾಗೆಯೇ ಮೆಲ್ಲಗೆ ನನಗೆ ಹೇಳಿದಳು. “ಅದು ಅಕ್ಕನ ಕಥೆ. ನಾನೇನೂ ಮಾಡಿಲ್ಲ. ಪುಸ್ತಕದಲ್ಲೂ ನಾನು ಎಲ್ಲೂ ಏನೂ ಹೇಳಲ್ಲ, ಬರೀ ಕೇಳ್ತೀನಿ. ಬಿಟ್ಟುಬಿಡಿ, ಸಿನಿಮಾ ಸುಮ್ಮನೆ ಉದ್ದ ಆಗುತ್ತೆ. ಅಕ್ಕನಿಗೆ ಮಾತ್ರ ಹೇಳಬೇಡಿ, ಕೂಗಾಡ್ತಾಳೆ.”

ಅವಳು ಎರಡನೆಯ ಸಲ ಕೇಳಿದಳಂತೆ. ನೀನು ಎರಡನೆಯ ಸಲವೂ ಬೇಡ ಎಂದೆಯಂತೆ. ನಗುನಗುತ್ತಾ ಅಂದೆಯಂತೆ.

ಇಷ್ಟು ತಿಂಗಳು ಆ ಹೆಂಗಸು ನಿನ್ನ ಪರವಾಗಿ ನನ್ನ ಹತ್ತಿರ ಬೈಸಿಕೊಂಡಿದ್ದಾಳೆ. ಕನ್ನಡಕದವನು ಕಟ್ ಅಂದದ್ದು, ಬೆಂಕಿ ಹಚ್ಚಿದ್ದು, ಎಲ್ಲವೂ ನೀನು ಬಿಟ್ಟುಹೋದ ಜಾಗ ಮುಚ್ಚಲು. ಸೊಸೆ ಒಲೆ ಆರಿಸಿ ನಿಂತಿದ್ದಳು. ನಾನು ಕೂಗುತ್ತೇನೆಂದು ಇಬ್ಬರೂ ಕಾದರು. ನನಗೆ ದನಿ ಹೊರಡಲಿಲ್ಲ ಕಣೆ.

ಈಗ ಹೊರಟಿದೆ. ಕೇಳು. ಅವರು ನಿನ್ನನ್ನು ತೆಗೆದುಹಾಕಿದ್ದರೆ ನಾನು ಅವರ ಗಾಜಿನ ಮೇಜು ಒಡೆದು ನಿನ್ನನ್ನು ಎಳೆದು ತರುತ್ತಿದ್ದೆ. ನೀನೇ ಎದ್ದು ಹೋದರೆ ನಾನು ಯಾರ ಮೇಜು ಒಡೆಯಲಿ? ಪುಸ್ತಕ ಓದಿ ನಿನಗೆ ನೀನೇ ಸಣ್ಣವಳಾಗಿ ಕಂಡೆ, ಅಲ್ಲವೇ? ಹಾಗಿದ್ದರೆ ನನ್ನನ್ನು ಬೈಯಬೇಕಿತ್ತು. ಕಾಗದದ ತುಂಬ ಬೈಯಬೇಕಿತ್ತು. “ತಲುಪಿತು” ಎಂದು ಬರೆದೆಯಲ್ಲೇ! ಆ ಒಂದು ಮಾತನ್ನು ನಾನು ಸಂತೋಷ ಎಂದು ಓದಿಕೊಂಡಿದ್ದೆ.

ಬುಧವಾರ ಬೆಳಗ್ಗೆ ನಿರ್ದೇಶಕಿ ನಿನಗೆ ಇನ್ನೊಂದು ಸಲ ಫೋನು ಮಾಡುತ್ತಾಳೆ. ನೀನು ಒಪ್ಪಿದರೆ ನಿನ್ನನ್ನು ಸೇರಿಸಿ ಆ ದೃಶ್ಯಗಳನ್ನು ಮತ್ತೆ ಚಿತ್ರೀಕರಿಸುತ್ತೇನೆ ಎಂದಿದ್ದಾಳೆ. ನಿನಗೆ ಸಿನಿಮಾ ಬೇಡವೇ? ಬೇಡ ಅನ್ನು. ಜನ ನಿನ್ನನ್ನು ನೋಡುವುದು ಬೇಡವೇ? ಬೇಡ ಅನ್ನು. ಅಕ್ಕನ ಮುಖವೇ ಬೇಡವೇ? ಅದನ್ನೂ ಅನ್ನು, ತಡೆದುಕೊಳ್ಳುತ್ತೇನೆ. ಆದರೆ “ನಾನೇನೂ ಮಾಡಿಲ್ಲ” ಎಂದು ಇನ್ನೊಮ್ಮೆ ಅನ್ನಬೇಡ. ಆ ಬೆಳಕಿನಲ್ಲಿ ನನಗೆ ಎದುರಿನ ಜನ ಯಾವತ್ತೂ ಕಾಣುತ್ತಿರಲಿಲ್ಲ ಪಿಳ್ಳೆ, ಕಣ್ಣು ಕುಕ್ಕುತ್ತಿತ್ತು. ಕಾಣುತ್ತಿದ್ದವಳು ನೀನೊಬ್ಬಳೇ. ನೀನು ಅಲ್ಲಿ ಇರಲಿಲ್ಲ ಎನ್ನುವುದಾದರೆ, ಅಷ್ಟು ವರ್ಷ ನಾನು ಯಾರ ಜೊತೆ ಮಾತಾಡುತ್ತಿದ್ದೆ?